ಹಿಮ್ಮಡಿ ಎಲುಬು ಮುರಿದಾಗ: ಬಿದ್ದ ಗಳಿಗೆಯಿಂದ ಮತ್ತೆ ನಡೆಯುವವರೆಗಿನ ಶಸ್ತ್ರಚಿಕಿತ್ಸೆಯ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಹಿಮ್ಮಡಿ ಎಲುಬು ಮುರಿದುಕೊಂಡು ಆಸ್ಪತ್ರೆಗೆ ಬರುವವರಲ್ಲಿ ಹೆಚ್ಚಿನವರು ದುಡಿಯುವ ವಯಸ್ಸಿನವರು. ಸೆಂಟ್ರಿಂಗ್ ಹಲಗೆಯಿಂದ ಜಾರಿದ ಗೌಂಡಿ, ಹುಣಸೆಹಣ್ಣು ಬಡಿಯಲು ಮರ ಹತ್ತಿ ಬಿದ್ದ ರೈತ, ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ತುಂಬಿದ ಲಾರಿಯ ಮೇಲಿಂದ ಧುಮುಕಿದ ಹಮಾಲ, ಮಾಳಿಗೆಯ ಮೇಲೆ ಕಾಳು ಹರವಲು ಹೋಗಿ ಏಣಿ ಜಾರಿದ ಗೃಹಿಣಿ, ಹೀಗೆ ಕಾಲಿನ ಬಲದಿಂದಲೇ ಸಂಸಾರ ನಡೆಸುವವರಿಗೆ ಈ ಪೆಟ್ಟು ಬೀಳುತ್ತದೆ. ಈ ಬರಹ ಅಂಥವರಿಗಾಗಿ, ಅವರ ಮನೆಯವರಿಗಾಗಿ. ಯಾವ ಹಂತದಲ್ಲಿ ಏನು ನಡೆಯುತ್ತದೆ, ಏಕೆ ನಡೆಯುತ್ತದೆ, ವೈದ್ಯರನ್ನು ಏನು ಕೇಳಬೇಕು, ಮನೆಯಲ್ಲಿ ಏನು ಮಾಡಬೇಕು ಎಂಬುದನ್ನು ಕ್ರಮವಾಗಿ ತಿಳಿಸುವುದು ಇದರ ಉದ್ದೇಶ. ಮೊದಲೇ ಹೇಳಬೇಕಾದ ಮಾತೊಂದಿದೆ: ಈ ಎಲುಬಿನ ಚಿಕಿತ್ಸೆಯಲ್ಲಿ ಎಲುಬಿಗಿಂತ ಅದರ ಮೇಲಿನ ಚರ್ಮವೇ ಹೆಚ್ಚಿನ ನಿರ್ಧಾರಗಳನ್ನು ಮಾಡುತ್ತದೆ.

ಎಲುಬು ಮುರಿಯುವ ಬಗೆ

ಹಿಂಪಾದದ ಎಲುಬುಗಳಲ್ಲಿ ಹಿಮ್ಮಡಿ ಎಲುಬು, ಅಂದರೆ ಕ್ಯಾಲ್ಕೇನಿಯಸ್, ಎಲ್ಲಕ್ಕಿಂತ ದೊಡ್ಡದು. ಅದರ ಹೊರಗವಚ ತೆಳು, ಒಳಭಾಗ ಸಣ್ಣ ರಂಧ್ರಗಳಿಂದ ಕೂಡಿದ ಮೆತ್ತನೆಯ ಎಲುಬು. ಅದರ ಮೇಲೆ ಟೇಲಸ್ ಎಂಬ ಇನ್ನೊಂದು ಎಲುಬು ಕುಳಿತಿರುತ್ತದೆ. ಇವೆರಡರ ನಡುವಿನ ಕೀಲಿಗೆ ಸಬ್‌ಟೇಲಾರ್ ಕೀಲು ಎನ್ನುತ್ತಾರೆ. ಎತ್ತರದಿಂದ ಬಿದ್ದು ಕಾಲೂರಿದಾಗ ಮೈಭಾರವೆಲ್ಲ ಟೇಲಸ್ ಮೂಲಕ ಇಳಿದು, ಕಟ್ಟಿಗೆಯ ಕೊರಡಿಗೆ ಕೊಡಲಿ ಬಿದ್ದಂತೆ ಹಿಮ್ಮಡಿ ಎಲುಬನ್ನು ಸೀಳುತ್ತದೆ. ಕೀಲಿನ ಮೇಲ್ಮೈ ಒಡೆದು ಕೆಳಗಿನ ಮೆತ್ತನೆಯ ಎಲುಬಿನೊಳಕ್ಕೆ ಕುಸಿಯುತ್ತದೆ, ಹೊರಗೋಡೆ ಪಕ್ಕಕ್ಕೆ ಉಬ್ಬುತ್ತದೆ, ಹಿಮ್ಮಡಿಯ ಹಿಂತುದಿ ಒಳಗಡೆಗೆ ವಾಲುತ್ತದೆ. ವಯಸ್ಕರಲ್ಲಿ ಈ ಎಲುಬಿನ ಮುರಿತಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಹೀಗೆ ಕೀಲನ್ನು ಒಳಗೊಂಡಿರುತ್ತವೆ.

ಪಾದ ಮೇಲೆ ಕೆಳಗೆ ಆಡುವುದು ಕಣಕಾಲಿನ ಕೀಲಿನಿಂದ. ಪಾದ ಒಳಕ್ಕೆ ಹೊರಕ್ಕೆ ವಾಲುವುದು ಮುಖ್ಯವಾಗಿ ಸಬ್‌ಟೇಲಾರ್ ಕೀಲಿನಿಂದ. ಟೈಲ್ಸ್ ಹಾಕಿದ ನೆಲದ ಮೇಲೆ ನಡೆಯುವವರಿಗೆ ಈ ಎರಡನೆಯ ಚಲನೆ ಕಡಿಮೆಯಾದರೂ ಅಷ್ಟಾಗಿ ಗೊತ್ತಾಗದೇ ಇರಬಹುದು. ಆದರೆ ನೇಗಿಲು ಹೊಡೆದ ಎರೆ ಹೊಲದ ಹೆಂಟೆಗಳ ಮೇಲೆ, ಬದುವಿನ ಇಳಿಜಾರಿನಲ್ಲಿ, ಏಣಿಯ ಮೆಟ್ಟಿಲ ಮೇಲೆ ಹೆಜ್ಜೆ ಇಡುವವರಿಗೆ ಅದಿಲ್ಲದೆ ಕಾಲು ನಿಲ್ಲುವುದೇ ಕಷ್ಟ. ಆದ್ದರಿಂದ ರೋಗಿ ಯಾವ ಕೆಲಸ ಮಾಡುತ್ತಾನೆ, ಎಂಥ ನೆಲದ ಮೇಲೆ ನಡೆಯುತ್ತಾನೆ ಎಂಬುದನ್ನು ವೈದ್ಯರಿಗೆ ತಾವಾಗಿಯೇ ವಿವರವಾಗಿ ಹೇಳಬೇಕು.

ಮೊದಲ ಹಂತ: ಬಿದ್ದ ಕೂಡಲೇ

ಎತ್ತರದಿಂದ ಬಿದ್ದವರನ್ನು ಎಬ್ಬಿಸಿ ನಡೆಸಬಾರದು. ಹಿಮ್ಮಡಿ ಮುರಿದವರಲ್ಲಿ ಸುಮಾರು ನೂರಕ್ಕೆ ಹತ್ತು ಮಂದಿಗೆ ಸೊಂಟದ ಭಾಗದ ಬೆನ್ನೆಲುಬೂ ಮುರಿದಿರುತ್ತದೆ, ಮತ್ತು ಹಿಮ್ಮಡಿಯ ನೋವು ಜೋರಾಗಿರುವಾಗ ಬೆನ್ನಿನ ನೋವು ಮರೆಯಾಗಿಬಿಡುತ್ತದೆ. ಹಲಗೆಯ ಮೇಲೆ ನೇರವಾಗಿ ಮಲಗಿಸಿ, 108 ಆಂಬುಲೆನ್ಸಿಗೆ ಕರೆ ಮಾಡಿ, ಕಾಲಿಗೆ ಮೆತ್ತನೆಯ ಬಟ್ಟೆ ಸುತ್ತಿ, ಪಾದವನ್ನು ಸ್ವಲ್ಪ ಎತ್ತರದಲ್ಲಿಟ್ಟು ಕರೆದೊಯ್ಯಬೇಕು. ಇನ್ನೊಂದು ಹಿಮ್ಮಡಿ, ಮೊಣಕಾಲು, ಸೊಂಟ, ಬೆನ್ನು ಇವೆಲ್ಲವನ್ನೂ ಪರೀಕ್ಷಿಸಿದ್ದಾರೆಯೇ ಎಂದು ಮನೆಯವರು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ನಮ್ಮ ಭಾಗದಲ್ಲಿ ಎಲುಬು ಮುರಿದರೆ ಮೊದಲು ನಾಟಿ ಕಟ್ಟು ಹಾಕಿಸುವ ರೂಢಿ ಇನ್ನೂ ಉಳಿದಿದೆ. ಹಿಮ್ಮಡಿಯ ಮಟ್ಟಿಗೆ ಇದು ಅಪಾಯಕಾರಿ. ಇಲ್ಲಿ ಬಾವು ಬೇಗ ಏರುತ್ತದೆ. ಎಣ್ಣೆ ಹಚ್ಚಿ ತಿಕ್ಕಿ, ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದರೆ ಒಳಗಿನ ಒತ್ತಡಕ್ಕೆ ಹೊರಗಿನ ಒತ್ತಡವೂ ಸೇರಿ ಚರ್ಮ ಕಪ್ಪಾಗಿ ಸಾಯಬಹುದು. ಮೂರು ದಿನ ಕಟ್ಟಿನಲ್ಲಿದ್ದು ಆಮೇಲೆ ಬಂದ ಕಾಲಿಗೆ, ಎಲುಬನ್ನು ಕೂಡಿಸಲು ಸಾಧ್ಯವಿದ್ದರೂ ಚರ್ಮ ಕೊಯ್ಯುವಂತಿಲ್ಲ ಎಂಬ ಸ್ಥಿತಿ ಒದಗುತ್ತದೆ.

ತಡ ಮಾಡಲೇಬಾರದ ಮೂರು ಸಂದರ್ಭಗಳಿವೆ. ಚರ್ಮ ಹರಿದು ಗಾಯದ ಮೂಲಕ ಮುರಿತ ತೆರೆದುಕೊಂಡಿದ್ದರೆ ಅಂದೇ ಟೆಟನಸ್ ಚುಚ್ಚುಮದ್ದು, ಆ್ಯಂಟಿಬಯಾಟಿಕ್ ಮತ್ತು ಗಾಯ ತೊಳೆಯುವ ಶಸ್ತ್ರಚಿಕಿತ್ಸೆ ಆಗಬೇಕು. ಹಿಮ್ಮಡಿಯ ಹಿಂಭಾಗದ ಎಲುಬಿನ ಚೂರು ಮೇಲೆದ್ದು ಒಳಗಿನಿಂದ ಚರ್ಮವನ್ನು ಒತ್ತುತ್ತಿದ್ದು, ಅಲ್ಲಿ ಚರ್ಮ ಬಿಳಿಚಿಕೊಂಡಿದ್ದರೆ ಅದನ್ನು ಗಂಟೆಗಳ ಲೆಕ್ಕದಲ್ಲಿ ಸರಿಪಡಿಸಬೇಕು; ನಾಳೆಗೆ ಬಿಟ್ಟರೆ ಆ ಚರ್ಮ ಉಳಿಯದು. ಮೂರನೆಯದು ಪಾದದ ಒಳಗೆ ಸ್ನಾಯುಗಳನ್ನು ಸುತ್ತುವರಿದ ಬಿಗಿ ಪೊರೆಯ ಕೋಣೆಗಳಲ್ಲಿ ಒತ್ತಡ ಏರುವುದು: ಔಷಧಕ್ಕೂ ಬಗ್ಗದ, ಗಳಿಗೆ ಗಳಿಗೆಗೂ ಹೆಚ್ಚುವ ನೋವು, ಬೆರಳು ಮೇಲಕ್ಕೆ ಎತ್ತಿದರೆ ಕಿರುಚುವಷ್ಟು ಯಾತನೆ, ಅಂಗಾಲು ಜೋಮು ಹಿಡಿಯುವುದು ಇದರ ಗುರುತುಗಳು. ರಾತ್ರಿ ಎರಡು ಗಂಟೆಯಾದರೂ ಸರಿ, ಡ್ಯೂಟಿ ವೈದ್ಯರನ್ನು ಕರೆಯಬೇಕು.

ಎರಡನೆಯ ಹಂತ: ಪರೀಕ್ಷೆಗಳು

ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ವೈದ್ಯರು, ಹಿಮ್ಮಡಿ ಎಲುಬಿನ ಎತ್ತರ ಉಳಿದಿದೆಯೇ ಎಂದು ತೋರಿಸುವ ಬೋಲರ್ ಕೋನವನ್ನು ಅಳೆಯುತ್ತಾರೆ. ಸಹಜವಾಗಿ ಅದು 20ರಿಂದ 40 ಡಿಗ್ರಿ ಇರುತ್ತದೆ. ಕೀಲು ಕುಸಿದಷ್ಟೂ ಕೋನ ಇಳಿಯುತ್ತದೆ, ಕೆಲವರಲ್ಲಿ ಸೊನ್ನೆಗಿಂತ ಕೆಳಕ್ಕೂ ಹೋಗುತ್ತದೆ. ಹಿಮ್ಮಡಿಯ ಅಗಲ ಮತ್ತು ವಾಲುವಿಕೆಯನ್ನು ನೋಡಲು ಹಿಂದಿನಿಂದ ಓರೆಯಾಗಿ ತೆಗೆಯುವ ಇನ್ನೊಂದು ಎಕ್ಸ್‌ರೇ ಬೇಕು. ಆದರೆ ಕೀಲಿನ ಮುರಿತದಲ್ಲಿ ಶಸ್ತ್ರಚಿಕಿತ್ಸೆಯ ನಿರ್ಧಾರವನ್ನು ಎಕ್ಸ್‌ರೇ ಒಂದರ ಮೇಲೆ ಮಾಡುವುದು ಸರಿಯಲ್ಲ. ಸಿಟಿ ಸ್ಕ್ಯಾನ್ ಬೇಕೇ ಬೇಕು. ಖರ್ಚಿನ ಭಯದಿಂದ ಇದನ್ನು ಬಿಡಿಸಬೇಡಿ ಎಂಬುದು ನನ್ನ ಕಳಕಳಿಯ ಮಾತು.

ಸಿಟಿ ಸ್ಕ್ಯಾನಿನಲ್ಲಿ ಕೀಲಿನ ಹಿಂಭಾಗದ ಮೇಲ್ಮೈ ಎಷ್ಟು ತುಂಡಾಗಿದೆ ಎಂಬುದರ ಮೇಲೆ 1993ರಲ್ಲಿ ಪ್ರಕಟವಾದ ಸ್ಯಾಂಡರ್ಸ್ ವರ್ಗೀಕರಣದ ಪ್ರಕಾರ ನಾಲ್ಕು ಬಗೆ ಗುರುತಿಸುತ್ತಾರೆ. ಬಿರುಕು ಎಷ್ಟೇ ಇರಲಿ, ಚೂರುಗಳು ಜಾಗ ಬಿಟ್ಟು ಕದಲದಿದ್ದರೆ ಅದು ಒಂದನೆಯ ಬಗೆ. ಮೇಲ್ಮೈ ಎರಡು ತುಂಡಾಗಿ ಕದಲಿದ್ದರೆ ಎರಡನೆಯದು, ಮೂರು ತುಂಡಾಗಿದ್ದರೆ ಮೂರನೆಯದು, ನಾಲ್ಕು ಅಥವಾ ಹೆಚ್ಚು ಚೂರಾಗಿದ್ದರೆ ನಾಲ್ಕನೆಯದು. ತಮ್ಮ ಮುರಿತ ಯಾವ ಬಗೆಯದು ಎಂದು ಕೇಳಿ ಬರೆದಿಟ್ಟುಕೊಳ್ಳಿ, ಏಕೆಂದರೆ ಮುಂದಿನ ಮಾತುಕತೆಯೆಲ್ಲ ಅದರ ಸುತ್ತಲೇ ನಡೆಯುತ್ತದೆ.

ಮೂರನೆಯ ಹಂತ: ಶಸ್ತ್ರಚಿಕಿತ್ಸೆ ಬೇಕೇ, ಬೇಡವೇ

ಇದು ಪ್ರಾಮಾಣಿಕವಾಗಿ ಚರ್ಚಿಸಬೇಕಾದ ಪ್ರಶ್ನೆ. ಕೀಲು ಕೆಟ್ಟಿದೆ ಎಂದ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಆಗಲೇಬೇಕೆಂದಿಲ್ಲ. ಬ್ರಿಟನ್ನಿನಲ್ಲಿ 151 ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವರ್ಷದ ಬಳಿಕ ನೋವು ಮತ್ತು ಚಲನೆಯಲ್ಲಿ ಶಸ್ತ್ರಚಿಕಿತ್ಸೆ ಆದವರಿಗೂ ಆಗದವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಸೋಂಕು ಮುಂತಾದ ತೊಂದರೆಗಳು ಶಸ್ತ್ರಚಿಕಿತ್ಸೆ ಆದವರಲ್ಲಿ ಹೆಚ್ಚಿದ್ದವು. ಅದಕ್ಕೂ ಮುಂಚೆ 2002ರಲ್ಲಿ ಕೆನಡಾದಿಂದ ಬಂದ ದೊಡ್ಡ ಅಧ್ಯಯನವೂ ಒಟ್ಟಾರೆಯಾಗಿ ಇದೇ ಬಗೆಯ ಫಲಿತಾಂಶ ಕೊಟ್ಟಿತ್ತು, ಆದರೆ ಮಹಿಳೆಯರು, ಕಿರಿಯ ವಯಸ್ಸಿನವರು ಮುಂತಾದ ಕೆಲವು ಗುಂಪುಗಳಲ್ಲಿ ಶಸ್ತ್ರಚಿಕಿತ್ಸೆಯಿಂದ ಹೆಚ್ಚಿನ ಅನುಕೂಲ ತೋರಿತ್ತು. ಇವೆರಡರಲ್ಲೂ ನಡೆದದ್ದು ಹೆಚ್ಚಾಗಿ ದೊಡ್ಡ ಕೊಯ್ತದ ಶಸ್ತ್ರಚಿಕಿತ್ಸೆ ಎಂಬುದನ್ನು ನೆನಪಿನಲ್ಲಿಡಬೇಕು. ಮುಂದೆ ವಿವರಿಸುವ ಚಿಕ್ಕ ಕೊಯ್ತದ ವಿಧಾನಗಳು ಗಾಯದ ತೊಂದರೆಯನ್ನು ಬಹಳಷ್ಟು ತಗ್ಗಿಸಿವೆ.

ಒಂದನೆಯ ಬಗೆಗೆ ಶಸ್ತ್ರಚಿಕಿತ್ಸೆ ಬೇಕಿಲ್ಲ. ಬಾವು ಇಳಿಸಿ, ಬೇಗ ಪಾದ ಆಡಿಸಲು ಕಲಿಸಿ, 6ರಿಂದ 8 ವಾರ ಭಾರ ಹಾಕದಂತೆ ನೋಡಿಕೊಂಡರೆ ಸಾಕು. ಎರಡು ಮತ್ತು ಮೂರನೆಯ ಬಗೆಯಲ್ಲಿ, ಆರೋಗ್ಯವಂತ, ಚುರುಕಾಗಿ ದುಡಿಯುವ, ತಂಬಾಕು ಸೇವಿಸದ ವ್ಯಕ್ತಿಗೆ ಶಸ್ತ್ರಚಿಕಿತ್ಸೆಯ ಲಾಭ ಹೆಚ್ಚು. ಹಿಮ್ಮಡಿ ತೀರ ಅಗಲವಾಗಿ, ಗಿಡ್ಡವಾಗಿ, ಒಳಕ್ಕೆ ವಾಲಿದ್ದರೂ ಆಕಾರ ಸರಿಪಡಿಸುವುದೇ ಒಂದು ದೊಡ್ಡ ಲಾಭ, ಏಕೆಂದರೆ ಮುಂದೊಂದು ದಿನ ಕೀಲು ಸವೆದು ಅದನ್ನು ಬೆಸೆಯಬೇಕಾಗಿ, ಅಂದರೆ ಎರಡು ಎಲುಬುಗಳನ್ನು ಅಲುಗದಂತೆ ಒಂದಾಗಿ ಕೂಡಿಸಬೇಕಾಗಿ ಬಂದರೂ ಆಕಾರ ನೆಟ್ಟಗಿರುವ ಹಿಮ್ಮಡಿಯಲ್ಲಿ ಆ ಕೆಲಸ ಸುಲಭ. ನಾಲ್ಕನೆಯ ಬಗೆಯಲ್ಲಿ ಕೀಲನ್ನು ಮತ್ತೆ ಜೋಡಿಸುವುದು ಬಹಳ ಸಲ ಕೈಗೂಡುವುದಿಲ್ಲವಾದ್ದರಿಂದ ಆಕಾರ ಸರಿಪಡಿಸಿ ಅದೇ ಸಲ ಕೀಲನ್ನು ಬೆಸೆಯುವ ಮಾರ್ಗವನ್ನೂ ವೈದ್ಯರು ಸೂಚಿಸಬಹುದು.

ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಕಾಲಿನ ರಕ್ತನಾಳದ ಕಾಯಿಲೆ, ಅತಿಯಾದ ಧೂಮಪಾನ ಇರುವವರಲ್ಲಿ ಗಾಯ ಮಾಯದಿರುವ ಅಪಾಯ ಎಷ್ಟಿದೆಯೆಂದರೆ, ಅವರಿಗೆ ಶಸ್ತ್ರಚಿಕಿತ್ಸೆ ಬೇಡವೆನ್ನುವ ವೈದ್ಯರನ್ನು ಅನುಮಾನಿಸಬಾರದು. ಅದು ಕೈಬಿಟ್ಟ ಮಾತಲ್ಲ, ಕಾಲನ್ನು ಕಾಪಾಡುವ ಮಾತು.

ನಾಲ್ಕನೆಯ ಹಂತ: ಕಾಯುವ ದಿನಗಳು

“ಸರ್, ಎಲುಬು ಮುರದೈತಿ ಅಂತೀರಿ, ಮತ್ತ ಆಪರೇಶನ್ ಯಾಕ ಮಾಡವಲ್ರಿ?” ವಾರ್ಡಿನಲ್ಲಿ ಮನೆಯವರು ಪದೇ ಪದೇ ಕೇಳುವ ಪ್ರಶ್ನೆ ಇದು. ಹಿಮ್ಮಡಿಯ ಹೊರಬದಿಯಲ್ಲಿ ಚರ್ಮಕ್ಕೂ ಎಲುಬಿಗೂ ನಡುವೆ ಹೆಚ್ಚು ಮಾಂಸವಿಲ್ಲ. ಬಾವು ತುಂಬಿ ಬಿಗಿದ ಚರ್ಮವನ್ನು ಕೊಯ್ದರೆ ಹೊಲಿಗೆ ಕೂಡುವುದಿಲ್ಲ. ಅಂಚು ಸತ್ತು, ಒಳಗಿನ ಪ್ಲೇಟು ಬಯಲಾಗಿ, ಸೋಂಕು ಎಲುಬಿಗೆ ಇಳಿಯುತ್ತದೆ. ಆದ್ದರಿಂದ ಸಾಮಾನ್ಯವಾಗಿ 7ರಿಂದ 14 ದಿನ ಕಾಯಬೇಕಾಗುತ್ತದೆ. ಹಾಗೆಂದು ಮೂರು ವಾರ ದಾಟಿಸುವಂತೆಯೂ ಇಲ್ಲ. ಅಷ್ಟರಲ್ಲಿ ಚೂರುಗಳು ತಪ್ಪು ಜಾಗದಲ್ಲೇ ಕೂಡಿಕೊಳ್ಳತೊಡಗುತ್ತವೆ. ಚಿಕ್ಕ ಕೊಯ್ತದಲ್ಲಿ ಚೂರುಗಳನ್ನು ಸರಿಸಲು ಜಾಗ ಕಡಿಮೆ ಇರುವುದರಿಂದ ಅದನ್ನು ಇನ್ನೂ ಬೇಗ ಮಾಡಲು ವೈದ್ಯರು ಇಷ್ಟಪಡುತ್ತಾರೆ.

ಈ ದಿನಗಳಲ್ಲಿ ಕಾಲಿಗೆ ಮೆತ್ತನೆಯ ಹತ್ತಿ ಸುತ್ತಿ ಸ್ಲ್ಯಾಬ್, ಅಂದರೆ ಅರ್ಧ ಪ್ಲಾಸ್ಟರ್, ಹಾಕಿರುತ್ತಾರೆ. ಪಾದ ಎದೆಯ ಮಟ್ಟಕ್ಕಿಂತ ಮೇಲಿರಬೇಕು, ಆದರೆ ಹಿಮ್ಮಡಿ ಯಾವುದಕ್ಕೂ ಒತ್ತಿಕೊಳ್ಳಬಾರದು: ಮೀನಖಂಡದ ಕೆಳಗೆ ದಿಂಬುಗಳನ್ನಿಟ್ಟು ಹಿಮ್ಮಡಿಯನ್ನು ಗಾಳಿಯಲ್ಲಿ ಬಿಡಬೇಕು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಬಿಟ್ಟು ಬಿಟ್ಟು ಇಡಬಹುದು. ನೀರುಗುಳ್ಳೆ ಅಥವಾ ರಕ್ತಗುಳ್ಳೆ ಎದ್ದರೆ ಮನೆಯವರು ಸೂಜಿಯಿಂದ ಒಡೆಯಬಾರದು. ವಿಶೇಷವಾಗಿ ರಕ್ತ ತುಂಬಿದ ಗುಳ್ಳೆ ಚರ್ಮಕ್ಕೆ ಆಳವಾಗಿ ಪೆಟ್ಟಾಗಿರುವುದರ ಗುರುತು, ಅದು ಒಣಗುವವರೆಗೆ ಆ ಜಾಗದಲ್ಲಿ ಕೊಯ್ಯುವುದಿಲ್ಲ.

ಚರ್ಮ ಸಿದ್ಧವಾಗಿದೆ ಎಂದು ತಿಳಿಯುವುದು ಹೀಗೆ. ವೈದ್ಯರು ಸ್ಲ್ಯಾಬ್ ಬಿಚ್ಚಿ, ಪಾದವನ್ನು ಮೆಲ್ಲಗೆ ಮೇಲಕ್ಕೂ ಹೊರಕ್ಕೂ ಬಾಗಿಸಿ, ಹೊರಗಡೆಯ ಕಣಕಾಲ ಗುಬ್ಬಿಯ ಕೆಳಗಿನ ಚರ್ಮವನ್ನು ಬೆಳಕಿನಲ್ಲಿ ನೋಡುತ್ತಾರೆ. ಮೊದಲ ದಿನಗಳಲ್ಲಿ ಅಲ್ಲಿ ಚರ್ಮ ಹೊಳೆಯುತ್ತಿರುತ್ತದೆ, ಒತ್ತಿದರೆ ಗುಳಿ ಬೀಳುತ್ತದೆ. ಬಾವು ಇಳಿದ ದಿನ ಅದೇ ಜಾಗದಲ್ಲಿ ಸಣ್ಣ ಸಣ್ಣ ಸುಕ್ಕಿನ ಗೆರೆಗಳು ಮೂಡುತ್ತವೆ, ಗುಳಿ ಬೀಳುವುದು ನಿಲ್ಲುತ್ತದೆ. ಆ ಗೆರೆಗಳು ಮೂಡಿದ ಮೇಲೆಯೇ ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡುತ್ತಾರೆ.

ಬೀಡಿ, ಸಿಗರೇಟು, ಗುಟ್ಕಾ, ಎಲೆ-ತಂಬಾಕು ಯಾವುದೇ ಇರಲಿ ಬಿದ್ದ ದಿನದಿಂದಲೇ ನಿಲ್ಲಬೇಕು. ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಈ ಗಾಯ ಬದುಕುವುದು ಅವೇ ನಾಳಗಳಿಂದ. ನೋಡಲು ಬಂದ ಗೆಳೆಯರು ಜೇಬಿನಿಂದ ಒಂದು ಚೀಟು ದಾಟಿಸುವುದು ಪ್ರೀತಿಯೆಂದೇ ಅನಿಸಬಹುದು. ಮನೆಯವರು ಅದನ್ನು ಗಟ್ಟಿಯಾಗಿ ತಡೆಯಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ ಈ ದಿನಗಳಲ್ಲೇ ಇನ್ಸುಲಿನ್ ಹೊಂದಿಸುತ್ತಾರೆ.

ಕಾಗದಪತ್ರದ ಕೆಲಸಕ್ಕೂ ಇದೇ ಸಮಯ. ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿ-ಆರ್‌ಐ), ಗದಗ ಮತ್ತು ಹಾವೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು ನಮ್ಮ ಕೈಗೆಟಕುವ ದೊಡ್ಡ ಸರ್ಕಾರಿ ಕೇಂದ್ರಗಳು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ರೇಷನ್ ಕಾರ್ಡು, ಆಧಾರ್ ತೆಗೆದುಕೊಂಡು ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ಕಂಡು, ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂದು ಮೊದಲೇ ಕೇಳಿಕೊಳ್ಳಿ. ಇಎಸ್‌ಐ ಇದ್ದವರು, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಇದ್ದವರು ಅದನ್ನೂ ತೋರಿಸಬೇಕು.

ಐದನೆಯ ಹಂತ: ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ

ಹೆಚ್ಚಾಗಿ ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ಕೊಯ್ಯುವ ಮುನ್ನವೇ ಆ್ಯಂಟಿಬಯಾಟಿಕ್ ಏರಿಸುತ್ತಾರೆ. ಪೆಟ್ಟಾದ ಕಾಲು ಮೇಲಿರುವಂತೆ ಮಗ್ಗುಲಾಗಿ ಮಲಗಿಸಿ, ರಕ್ತ ಹರಿಯದಂತೆ ತೊಡೆಗೆ ಟೂರ್ನಿಕೆ ಕಟ್ಟುತ್ತಾರೆ. ಅದನ್ನು ಸಾಮಾನ್ಯವಾಗಿ 2 ಗಂಟೆ ಮೀರಿ ಬಿಡುವುದಿಲ್ಲ. ಮೇಜಿನ ಪಕ್ಕದಲ್ಲಿ ಆಗಿಂದಾಗಲೇ ಎಕ್ಸ್‌ರೇ ತೋರಿಸುವ ಸಿ-ಆರ್ಮ್ ಯಂತ್ರ ಇರುತ್ತದೆ, ಪ್ರತಿ ಹೆಜ್ಜೆಯನ್ನೂ ಅದರ ಪರದೆಯಲ್ಲಿ ನೋಡುತ್ತ ಹೋಗುತ್ತಾರೆ.

ಕೊಯ್ತಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ. ಹಳೆಯದು ಹಿಮ್ಮಡಿಯ ಹೊರಬದಿಯಲ್ಲಿ ಮೇಲಿನಿಂದ ಇಳಿದು ಅಂಗಾಲಿನ ಅಂಚಿನುದ್ದಕ್ಕೆ ಮುಂದಕ್ಕೆ ತಿರುಗುವ ದೊಡ್ಡ ಕೊಯ್ತ; ಎಲುಬು ಪೂರ್ತಿ ಕಾಣುತ್ತದೆ, ಆದರೆ ತಿರುವಿನ ಮೂಲೆಯ ಚರ್ಮಕ್ಕೆ ರಕ್ತ ಸಾಲದೆ ಅದು ಸಾಯುವ ಅಪಾಯವಿದೆ. ಎರಡನೆಯದು ಕಣಕಾಲ ಗುಬ್ಬಿಯ ತುದಿಯ ಕೆಳಗಿನಿಂದ ನಾಲ್ಕನೆಯ ಬೆರಳಿನ ದಿಕ್ಕಿಗೆ ಹಾಕುವ 3ರಿಂದ 5 ಸೆಂಟಿಮೀಟರಿನ ಕೊಯ್ತ, ಇದನ್ನು ಸೈನಸ್ ಟಾರ್ಸಿ ವಿಧಾನ ಎನ್ನುತ್ತಾರೆ. ಇದರಲ್ಲಿ ಕೀಲು ನೇರವಾಗಿ ಕಾಣುತ್ತದೆ, ಚರ್ಮಕ್ಕೆ ಆಗುವ ಘಾಸಿ ಕಡಿಮೆ. ಮೂರನೆಯದು ಸಣ್ಣ ತೂತುಗಳ ಮೂಲಕವೇ ಎಲುಬನ್ನು ಸರಿಸಿ ಸ್ಕ್ರೂ ಹಾಕುವುದು. ಹಿಂತುದಿಯೊಂದಿಗೆ ಕೀಲಿನ ಮೇಲ್ಮೈಯೂ ಒಂದೇ ತುಂಡಾಗಿ ಮೇಲೆದ್ದ ಮುರಿತಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಎರಡನೆಯ ಬಗೆಯ ಮುರಿತಕ್ಕೆ, ಮೂರನೆಯ ಬಗೆಯಲ್ಲೂ ಅನೇಕರಿಗೆ, ಚಿಕ್ಕ ಕೊಯ್ತವೇ ಮೊದಲ ಆಯ್ಕೆಯಾಗಬೇಕೆಂಬುದು ನನ್ನ ಅಭಿಪ್ರಾಯ. ಆದರೆ ಶಸ್ತ್ರವೈದ್ಯರಿಗೆ ಯಾವುದರಲ್ಲಿ ಕೈ ಪಳಗಿದೆ ಎಂಬುದೂ ಅಷ್ಟೇ ಮುಖ್ಯ, ಅದನ್ನು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ.

ಚಿಕ್ಕ ಕೊಯ್ತದ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಚರ್ಮ ತೆರೆದ ಕೂಡಲೇ, ಹೊರಗಡೆಯ ಕಣಕಾಲ ಗುಬ್ಬಿಯ ಹಿಂದಿನಿಂದ ಪಾದಕ್ಕೆ ಹಾಯುವ ಪೆರೋನಿಯಲ್ ಸ್ನಾಯುರಜ್ಜುಗಳನ್ನು ಜೋಪಾನವಾಗಿ ಪಕ್ಕಕ್ಕೆ ಸರಿಸುತ್ತಾರೆ. ಸಮೀಪದಲ್ಲೇ ಹಾಯುವ ಸ್ಯೂರಲ್ ನರಕ್ಕೆ ಪೆಟ್ಟಾದರೆ ಪಾದದ ಹೊರಅಂಚು ಜೋಮಾಗುತ್ತದೆ. ಆಮೇಲೆ ಹಿಮ್ಮಡಿಯ ಹಿಂತುದಿಗೆ ದಪ್ಪನೆಯ ಪಿನ್ನು ಹಾಕಿ ಅದನ್ನು ಹಿಡಿಯಾಗಿ ಮಾಡಿಕೊಂಡು, ಕೆಳಕ್ಕೆ ಎಳೆದು, ಹಿಂದಕ್ಕೆ ಸರಿಸಿ, ಒಳವಾಲಿಕೆಯನ್ನು ತಿದ್ದುತ್ತಾರೆ. ಎಲುಬಿನ ಎತ್ತರ, ಉದ್ದ, ನೇರ ಮೂರೂ ಮರಳುವುದು ಈ ಎಳೆತದಿಂದ, ಮತ್ತು ಕುಸಿದ ಕೀಲಿನ ಚೂರು ಮೇಲೇಳಲು ಜಾಗ ಆಗುವುದೂ ಆಗಲೇ. ಹಿಮ್ಮಡಿಯ ಒಳಬದಿಯಲ್ಲಿ ಗಟ್ಟಿ ಬಂಧನಿಗಳಿಂದ ಟೇಲಸ್‌ಗೆ ಬಿಗಿದುಕೊಂಡ ಎಲುಬಿನ ತುಂಡೊಂದು ಹೆಚ್ಚಾಗಿ ಕದಲದೆ ತನ್ನ ಜಾಗದಲ್ಲೇ ಉಳಿದಿರುತ್ತದೆ. ಶಸ್ತ್ರವೈದ್ಯರು ಅದನ್ನೇ ಗುರಿಯಾಗಿಟ್ಟುಕೊಂಡು ಕುಸಿದ ಚೂರನ್ನು ಮೆಲ್ಲನೆ ಎತ್ತಿ ಅದಕ್ಕೆ ಕೂಡಿಸುತ್ತಾರೆ. ತೆಳು ತಂತಿಗಳಿಂದ ತಾತ್ಕಾಲಿಕವಾಗಿ ಹಿಡಿದಿಟ್ಟು, ಸಿ-ಆರ್ಮ್‌ನಲ್ಲಿ ಬೇರೆ ಬೇರೆ ಓರೆಯಿಂದ ನೋಡಿ, ಕೀಲಿನ ಮೇಲ್ಮೈ ಸಮವಾಗಿದೆಯೆಂದು ಖಾತ್ರಿಯಾದ ಮೇಲೆಯೇ ಸ್ಕ್ರೂ, ಪ್ಲೇಟು ಹಾಕುತ್ತಾರೆ. ಕೀಲಿನ ಕೆಳಗೆ ಹಾಯುವ ಸ್ಕ್ರೂಗಳು ಆ ಒಳಬದಿಯ ತುಂಡನ್ನು ಕಚ್ಚಿ ಹಿಡಿಯಬೇಕು. ತುಸು ಉದ್ದವಾದರೂ ಆಚೆ ಕಡೆಯಿರುವ ಹೆಬ್ಬೆರಳಿನ ಸ್ನಾಯುರಜ್ಜುವಿಗೆ ಉಜ್ಜುತ್ತವೆ. ಎತ್ತಿದ ಚೂರಿನ ಕೆಳಗೆ ಖಾಲಿ ಜಾಗ ಉಳಿಯುತ್ತದೆ, ಅದಕ್ಕೆ ಎಲ್ಲರಿಗೂ ಎಲುಬು ತುಂಬಬೇಕಾಗಿಲ್ಲ.

ಆರನೆಯ ಹಂತ: ಗಾಯದ ಆರೈಕೆ

ಮೊದಲ ಎರಡು ಮೂರು ದಿನ ಪಾದ ಎತ್ತರದಲ್ಲೇ ಇರಬೇಕು, ಬೆರಳುಗಳನ್ನು ಮಾತ್ರ ಆಡಿಸುತ್ತಿರಬೇಕು. ಹೊಲಿಗೆಯನ್ನು ಚಿಕ್ಕ ಕೊಯ್ತದಲ್ಲಿ ಸುಮಾರು ಎರಡು ವಾರಕ್ಕೆ, ದೊಡ್ಡ ಕೊಯ್ತದಲ್ಲಿ ಮೂರು ವಾರ ಅಥವಾ ಅದಕ್ಕೂ ತಡವಾಗಿ ಬಿಚ್ಚುತ್ತಾರೆ. ಅಲ್ಲಿಯವರೆಗೆ ನೀರು ತಾಗಿಸಬಾರದು, ಅರಿಶಿನ, ಎಣ್ಣೆ, ಸೊಪ್ಪಿನ ರಸ ಯಾವುದನ್ನೂ ಹಚ್ಚಬಾರದು. ಗಾಯದ ಅಂಚು ಕಪ್ಪಾದರೆ, ಬಟ್ಟೆ ಮತ್ತೆ ಮತ್ತೆ ಒದ್ದೆಯಾದರೆ, ಜ್ವರ ಬಂದರೆ ಮುಂದಿನ ತಾರೀಖಿಗೆ ಕಾಯದೆ ಹೋಗಬೇಕು. ಆರಂಭದಲ್ಲೇ ಹಿಡಿದ ಸೋಂಕು ಡ್ರೆಸ್ಸಿಂಗ್ ಮತ್ತು ಔಷಧಕ್ಕೆ ಬಗ್ಗಬಹುದು, ಎಲುಬಿಗೆ ಇಳಿದದ್ದು ಪ್ಲೇಟು ತೆಗೆಸುವವರೆಗೆ ಕೊಂಡೊಯ್ಯುತ್ತದೆ. ಮೀನಖಂಡ ಗಟ್ಟಿಯಾಗಿ ನೋಯುವುದು, ಏಕಾಏಕಿ ಉಸಿರುಗಟ್ಟುವುದು ರಕ್ತ ಹೆಪ್ಪುಗಟ್ಟಿದ ಸೂಚನೆಯಾಗಿರಬಹುದು, ಅದಕ್ಕೆ ತುರ್ತು ಚಿಕಿತ್ಸೆಯೇ ಬೇಕು. ಊಟದಲ್ಲಿ ಪಥ್ಯದ ಹೆಸರಿನಲ್ಲಿ ಬರೀ ಗಂಜಿ ಕೊಡಬೇಡಿ. ರೊಟ್ಟಿಯ ಜೊತೆ ಕಾಳುಪಲ್ಯ, ಶೇಂಗಾ, ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ ಬೇಕು.

ಏಳನೆಯ ಹಂತ: ಆಡಿಸುವುದು, ಆಮೇಲೆ ನಡೆಯುವುದು

ಗಾಯ ಒಣಗಿದ ಕೂಡಲೇ ವೈದ್ಯರ ಒಪ್ಪಿಗೆಯಿಂದ ಪಾದ ಆಡಿಸಲು ಆರಂಭಿಸಬೇಕು. ಮೇಲೆ ಕೆಳಗೆ ಆಡಿಸುವುದು ಎಲ್ಲರಿಗೂ ಗೊತ್ತು. ಮರೆತುಹೋಗುವುದು ಒಳಕ್ಕೆ ಹೊರಕ್ಕೆ ತಿರುಗಿಸುವುದು. ಕಾಲು ಚಾಚಿ ಕುಳಿತು ಹೆಬ್ಬೆರಳಿನ ತುದಿಯಿಂದ ಗಾಳಿಯಲ್ಲಿ ಅ, ಆ, ಇ, ಈ ಬರೆಯುತ್ತ ಹೋದರೆ ಎರಡೂ ಚಲನೆಗಳು ಸೇರಿ ಬರುತ್ತವೆ. ದಿನಕ್ಕೆ ಹಲವು ಸಲ ಮಾಡಬೇಕು, ನೋವು ಚುಚ್ಚುವ ಮಟ್ಟಕ್ಕೆ ಒಯ್ಯಬಾರದು.

ಭಾರ ಹಾಕುವುದು ಬೇರೆ ಮಾತು. ಸಾಮಾನ್ಯವಾಗಿ 8ರಿಂದ 12 ವಾರ ಹಿಮ್ಮಡಿ ನೆಲಕ್ಕೆ ಊರುವಂತಿಲ್ಲ. ವಾಕರ್ ಹಿಡಿದು ಒಂದೇ ಕಾಲಿನಲ್ಲಿ ನಡೆಯುವುದನ್ನು ಆಸ್ಪತ್ರೆಯಲ್ಲೇ ಕಲಿತು ಬರಬೇಕು. ನಮ್ಮ ಮನೆಗಳ ಎತ್ತರದ ಹೊಸ್ತಿಲು, ಬಚ್ಚಲಿನ ಜಾರು ಕಲ್ಲು ಇವೆರಡೂ ವಾಕರಿಗೆ ಶತ್ರುಗಳು. ರೋಗಿಯ ಮಲಗುವ ಜಾಗವನ್ನು ಮುಂಭಾಗಕ್ಕೆ ತಂದು, ನಡುವೆ ಕಂಡಿ ಇರುವ ಕಮೋಡ್ ಕುರ್ಚಿಯೊಂದನ್ನು ಹೊಂದಿಸಿಕೊಂಡರೆ ಅರ್ಧ ಕಷ್ಟ ಕಳೆಯುತ್ತದೆ. ಎಕ್ಸ್‌ರೇಯಲ್ಲಿ ಎಲುಬು ಕೂಡಿದ್ದು ಕಂಡ ಮೇಲೆ ಮೊದಲು ಸ್ವಲ್ಪ, ವಾರ ಕಳೆದಂತೆ ಇನ್ನಷ್ಟು ಎಂದು ಭಾರ ಏರಿಸುತ್ತಾರೆ. ಬಿತ್ತನೆಗೆ ಮಳೆ ಆಯಿತೆಂದು ಎಂಟನೆಯ ವಾರದಲ್ಲಿ ಹೊಲಕ್ಕಿಳಿದರೆ ಎತ್ತಿ ಕೂಡಿಸಿದ ಕೀಲು ಮತ್ತೆ ಕುಸಿಯಬಹುದು. ಆ ಹಂಗಾಮನ್ನು ಅಣ್ಣತಮ್ಮಂದಿರಿಗೆ ಒಪ್ಪಿಸುವುದೇ ಲೇಸು.

ಕುಳಿತು ಮಾಡುವ ಕೆಲಸಕ್ಕೆ ಕೆಲವೇ ತಿಂಗಳಲ್ಲಿ ಮರಳಬಹುದು. ಹೊರೆ ಹೊರುವ, ಏಣಿ ಹತ್ತುವ ಕೆಲಸಕ್ಕೆ 6 ತಿಂಗಳಿಂದ ಒಂದು ವರ್ಷ ಬೇಕಾಗುತ್ತದೆ, ಕೆಲವರು ಕೆಲಸದ ಬಗೆಯನ್ನೇ ಬದಲಿಸಬೇಕಾಗುತ್ತದೆ. ಸಂಜೆಯ ಬಾವು, ಬೆಳಗಿನ ಬಿಗಿತ ಬಹಳ ತಿಂಗಳು ಉಳಿಯುತ್ತವೆ. ಸುಧಾರಣೆ ಎರಡು ವರ್ಷದವರೆಗೂ ನಡೆಯುತ್ತಿರುತ್ತದೆ. ಅಗಲವಾದ, ಹಿಮ್ಮಡಿಗೆ ಮೆತ್ತನೆಯ ಪ್ಯಾಡ್ ಇರುವ ಬೂಟು ಹವಾಯಿ ಚಪ್ಪಲಿಗಿಂತ ಎಷ್ಟೋ ವಾಸಿ.

ಪ್ಲೇಟು ತೆಗೆಸಲೇಬೇಕೆಂಬ ನಿಯಮವಿಲ್ಲ. ಚರ್ಮದಡಿ ಒತ್ತುತ್ತಿದ್ದರೆ, ಸ್ನಾಯುರಜ್ಜುವಿಗೆ ಉಜ್ಜುತ್ತಿದ್ದರೆ ಎಲುಬು ಪೂರ್ತಿ ಕೂಡಿದ ಮೇಲೆ ತೆಗೆಯುತ್ತಾರೆ. ಸಬ್‌ಟೇಲಾರ್ ಕೀಲು ವರ್ಷಗಳ ನಂತರ ಸವೆದು, ಬೂಟು, ಮಾತ್ರೆ, ಕೀಲಿನೊಳಗಿನ ಚುಚ್ಚುಮದ್ದು ಯಾವುದಕ್ಕೂ ನೋವು ಬಗ್ಗದಿದ್ದರೆ ಆ ಕೀಲನ್ನು ಸ್ಕ್ರೂಗಳಿಂದ ಬೆಸೆಯುವ ಎರಡನೆಯ ಶಸ್ತ್ರಚಿಕಿತ್ಸೆ ಇದೆ. ಅದಾದ ಮೇಲೆ ಪಾದ ಪಕ್ಕಕ್ಕೆ ವಾಲುವುದಿಲ್ಲ, ಆದರೆ ಕಣಕಾಲಿನ ಮೇಲೆ ಕೆಳಗಿನ ಆಟ ಬಹುಪಾಲು ಉಳಿಯುತ್ತದೆ, ಹೆಚ್ಚಿನವರಿಗೆ ನೋವು ಸಾಕಷ್ಟು ತಗ್ಗುತ್ತದೆ. ತಂಬಾಕು ಬಿಡದವರಲ್ಲಿ ಬೆಸುಗೆ ಕೂಡದಿರುವ ಸಾಧ್ಯತೆ ಹೆಚ್ಚಾದ್ದರಿಂದ, ಮೊದಲು ತಂಬಾಕು ನಿಲ್ಲಿಸಿ ಬಂದವರಿಗಷ್ಟೇ ಆ ಶಸ್ತ್ರಚಿಕಿತ್ಸೆ ಮಾಡುವುದಾಗಿ ಅನೇಕ ಶಸ್ತ್ರವೈದ್ಯರು ಹೇಳುತ್ತಾರೆ.